ಹಿಂದೆ ಕೂತುಹೋದ ಜೀಪನ್ನು ಎತ್ತಿ ನಿಲ್ಲಿಸಿದ್ದು: ನನ್ನ ಅನುಭವ

2021ರ ಮಾರ್ಚ್ ತಿಂಗಳು. ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ತೋಟಕ್ಕೆ ಹಾಕಬೇಕಾದ ಗೊಬ್ಬರ ತರಲು ಮೂಡಿಗೆರೆಗೆ ಹೋಗಿದ್ದೆ. ಟ್ರೇಲರ್‌ನಲ್ಲಿ 50 ಕೆಜಿಯ 14 ಮೂಟೆ. ವಾಪಸ್ ಹೊರಟಾಗ ಕತ್ತಲಾಗಿತ್ತು. ಎದುರಿಗೆ ಬಂದ ಗಾಡಿಗಳೆಲ್ಲ ಒಂದಾದ ಮೇಲೊಂದು ನನಗೆ ಲೈಟು ಹೊಡೆದು ಎಚ್ಚರಿಸುತ್ತಿದ್ದವು. ನಾನು ಡಿಮ್‌ನಲ್ಲೇ ಇದ್ದೆ. ಮತ್ಯಾಕೆ ಹೀಗೆ ಅಂತ ಒಂದು ಕಡೆ ನಿಲ್ಲಿಸಿ ಇಳಿದು ನೋಡಿದರೆ, ನನ್ನ ಹೆಡ್‌ಲೈಟು ರಸ್ತೆ ಬಿಟ್ಟು ಸಿಲ್ವರ್ ಓಕ್ ಮರಗಳ ನೆತ್ತಿಗೆ ಬೀಳುತ್ತಿತ್ತು. ಪಕ್ಕದಿಂದ ನೋಡಿದಾಗ ಜೀಪು ನಾಯಿ ಕೂತ ಹಾಗೆ ಕೂತಿತ್ತು. ಹಿಂಭಾಗ ನೆಲಕ್ಕೆ ಇಳಿದು ಮೂತಿ ಮೇಲೆದ್ದಿತ್ತು.

ಲೈಟಿಗಿಂತ ಹೆಚ್ಚು ಹೆದರಿಸಿದ್ದು ಸ್ಟೇರಿಂಗ್. ನಮ್ಮ ತೋಟದ ಏರು ಹತ್ತುವಾಗ ಅದು ಹಗುರಾಗಿ, ತಿರುಗಿಸಿದರೂ ಗಾಡಿ ಅರೆಕ್ಷಣ ತಡೆದು ತಿರುಗುತ್ತಿತ್ತು. ಮುಂದಿನ ಚಕ್ರ ನೆಲವನ್ನು ಗಟ್ಟಿಯಾಗಿ ಹಿಡಿದಿಲ್ಲ ಅನ್ನುವುದು ಕೈಗೆ ಗೊತ್ತಾಗುತ್ತದೆ. ಇದೇ ಗಾಡಿಯಲ್ಲಿ ಚಾರ್ಮಾಡಿ ಘಾಟಿ ಇಳಿಯಬೇಕಾಗಿ ಬಂದರೆ ಏನು ಗತಿ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನದು 1994ರ ಮಹೀಂದ್ರ ಎಂಎಂ 540. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದೆ ಮುಂದೆ ಎರಡೂ ಕಡೆ ಬ್ಲೇಡ್ ಸ್ಪ್ರಿಂಗು, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿದ ಸೆಟ್ಟು. ಗಾಡಿಯ ಭಾರ ಹೊರುವುದು ಅದೇ. ಮಲೆನಾಡಿನ ಸಣ್ಣ ತೋಟಗಳಲ್ಲಿ ಇಂಥ ಜೀಪು, ಅದರ ಹಿಂದೊಂದು ಒಂಟಿ ಆಕ್ಸಲ್‌ನ ಟ್ರೇಲರ್ ಇಲ್ಲದೆ ಕೆಲಸ ಸಾಗುವುದಿಲ್ಲ. ಗೊಬ್ಬರ, ಕಾಫಿ ಹಣ್ಣು, ಸೌದೆ, ಅಡಿಕೆ, ಸ್ಪ್ರಿಂಕ್ಲರ್ ಪೈಪು ಎಲ್ಲ ಇದರಲ್ಲೇ. ಟ್ರ್ಯಾಕ್ಟರ್ ಹೋಗದ ಕಡಿದಾದ ದಾರಿಯಲ್ಲೂ ಜೀಪು ಫೋರ್ ವೀಲ್ ಹಾಕಿ ಎಳೆಯುತ್ತದೆ. ಹಾಗೆ ವರ್ಷಗಟ್ಟಲೆ ಎಳೆದ ಗಾಡಿ ಹಿಂದೆ ಕೂರುವುದರಲ್ಲಿ ಆಶ್ಚರ್ಯವಿಲ್ಲ. ಯಾಕೆ ಕೂರುತ್ತದೆ, ಎಷ್ಟು ಕೂತಿದೆ ಎಂದು ನೋಡದೆ ಕೈ ಹಾಕಿದ್ದು ನನ್ನ ತಪ್ಪು.

ಮರುದಿನ ಮೂಟೆ ಇಳಿಸುವ ಮೊದಲು ಒಂದು ಒಳ್ಳೆಯ ಕೆಲಸ ಮಾಡಿದೆ. ಟೇಪು ಹಿಡಿದು ಅಳೆದು ಬರೆದಿಟ್ಟೆ. ಕಾಫಿ ಒಣಗಿಸುವ ಕಣದ ಮೇಲೆ ನಿಲ್ಲಿಸಿ ಅಳೆಯಬಾರದು. ನೀರು ಹರಿದು ಹೋಗಲೆಂದು ಕಣಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ಅಳತೆ ಮೋಸ ಮಾಡುತ್ತದೆ. ಹಾಗಾಗಿ ಗೋಡೌನಿನ ಒಳಗೆ ನಿಲ್ಲಿಸಿದೆ. ನೆಲದಿಂದ ಬಾಡಿಗೆ ಅಳೆದರೆ ಟಯರಿನ ಗಾಳಿ ಹೆಚ್ಚು ಕಮ್ಮಿ ಇದ್ದರೂ ಲೆಕ್ಕ ತಪ್ಪುತ್ತದೆ. ಚಕ್ರದ ಹಬ್‌ನ ನಡುಮಧ್ಯದಿಂದ ನೇರ ಮೇಲಕ್ಕೆ ಬಾಡಿಯ ಅಂಚಿನವರೆಗೆ ಅಳೆಯಬೇಕು. ಜೀಪು ಖಾಲಿ, ಟ್ರೇಲರ್ ಕಳಚಿದ್ದಾಗ ನನಗೆ ಸಿಕ್ಕಿದ್ದು ಎಡಗಡೆ 15½ ಇಂಚು, ಬಲಗಡೆ 14¼ ಇಂಚು. ಆಮೇಲೆ ಜೀಪಿನೊಳಗೆ, ಹಿಂದಿನ ಆಕ್ಸಲ್‌ನ ನೇರಕ್ಕೆ ನಾಲ್ಕು ಮೂಟೆ ಇಟ್ಟು ಮತ್ತೆ ಅಳೆದೆ. ಎಡಗಡೆ 1 ಇಂಚು ಇಳಿಯಿತು. ಬಲಗಡೆ 1½ ಇಂಚು.

ಈ ಎರಡನೇ ಲೆಕ್ಕದ ಬೆಲೆ ನನಗೆ ತಿಳಿದದ್ದು ಎಂಟು ತಿಂಗಳು ಬಿಟ್ಟು.

ಗ್ಯಾರೇಜಿಗೆ ಕೊಂಡುಹೋದೆ. ಯಾವುದೆಂದು ಹೇಳುವುದು ಬೇಡ. ಅಡಿಗೆ ಬಗ್ಗಿ ನೋಡಿ, "ಬ್ಲೇಡ್ ವೀಕಾಗಿದೆ, ಒಂದೊಂದು ಎಕ್ಸ್ಟ್ರಾ ಹಾಕಿದ್ರೆ ಸರಿಹೋಗ್ತದೆ" ಅಂದರು. ದೊಡ್ಡ ಗಾಡಿಯ ಹಳೇ ಬ್ಲೇಡನ್ನು ಗ್ಯಾಸ್ ಕಟರ್‌ನಲ್ಲಿ ಕೊಯ್ದು ನಮ್ಮ ಅಗಲಕ್ಕೆ ತಂದರು. ಸೆಟ್ ಬಿಚ್ಚಲೇ ಇಲ್ಲ. ಅಡಿಗೆ ಅದನ್ನು ತೂರಿಸಿ, ಸೆಟ್ಟನ್ನು ಆಕ್ಸಲ್ಲಿಗೆ ಕಟ್ಟಿ ಹಿಡಿಯುವ ಯು ಬೋಲ್ಟನ್ನು ಉದ್ದದ್ದು ಹಾಕಿ ಬಿಗಿದರು. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು, ಜೀಪು ಎದ್ದು ನಿಂತಿತು. ನನಗೂ ಖುಷಿಯಾಯಿತು.

ಖುಷಿ ಊರು ಮುಟ್ಟುವವರೆಗೂ ಇರಲಿಲ್ಲ. ಖಾಲಿ ಜೀಪು ಗುಂಡಿಗೆ ಬಿದ್ದಾಗ ಬ್ಲೇಡ್ ಬಾಗುತ್ತಲೇ ಇರಲಿಲ್ಲ, ಇಡೀ ಹಿಂಭಾಗ ಹಾರುತ್ತಿತ್ತು. ಮಳೆಗಾಲದಲ್ಲಿ ಕೆಸರಿನ ಏರಿನಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಕುಣಿದು ಜಾರತೊಡಗಿತು. ಹಿಂದೆ ಕೂತ ನಮ್ಮ ತಾಯಿ ಸೊಂಟ ಹಿಡಿದುಕೊಂಡು, "ಮಗಾ, ಇದಕ್ಕಿಂತ ಎತ್ತಿನ ಗಾಡಿ ವಾಸಿ ಇತ್ತು" ಅಂದರು.

2021ರ ನವೆಂಬರಿನಲ್ಲಿ ಹೊಡೆದ ಅಕಾಲ ಮಳೆ ಕಾಫಿ ಬೆಳೆಗಾರರಿಗೆ ಮರೆಯುವಂಥದ್ದಲ್ಲ. ಅರೇಬಿಕಾ ಹಣ್ಣು ಗಿಡದಲ್ಲೇ ಒಡೆದು ಉದುರುತ್ತಿತ್ತು, ಬಿಸಿಲಿಲ್ಲ, ಕಣದಲ್ಲಿ ಹಾಕಿದ್ದು ಒಣಗುತ್ತಿಲ್ಲ. ಆ ಗಡಿಬಿಡಿಯಲ್ಲಿ ಒಂದು ಸಂಜೆ ಹಳ್ಳದ ದಾರಿಯಿಂದ ಹಣ್ಣಿನ ಚೀಲ ತುಂಬಿದ ಟ್ರೇಲರ್ ಎಳೆದುಕೊಂಡು ಹತ್ತುತ್ತಿದ್ದೆ. ಅಡಿಯಿಂದ ಒಣ ಬಿದಿರು ಸೀಳಿದಂಥ ಸದ್ದು ಬಂತು. ಜೀಪು ಬಲಕ್ಕೆ ವಾಲಿತು. ಅಲ್ಲೇ ಚಕ್ರಕ್ಕೆ ಕಲ್ಲು ಕೊಟ್ಟು, ಟ್ರೇಲರ್ ಬಿಚ್ಚಿ, ಹಣ್ಣನ್ನು ತಲೆಹೊರೆಯಲ್ಲಿ ಸಾಗಿಸಿದೆವು. ಬಲಗಡೆಯ ಮೇನ್ ಬ್ಲೇಡು, ಅಂದರೆ ಎಲ್ಲಕ್ಕಿಂತ ಮೇಲಿನ ಉದ್ದದ ಬ್ಲೇಡು, ಎರಡು ತುಂಡಾಗಿತ್ತು.

ಈ ಸಲ ನಾನೇ ಬಿಚ್ಚುತ್ತೇನೆ ಅಂತ ತೀರ್ಮಾನ ಮಾಡಿದೆ. ಮಳೆ ಹೊಡೆಯುತ್ತಿದ್ದುದರಿಂದ ಗೋಡೌನಿನಲ್ಲೇ ಕೆಲಸ. ನಮ್ಮ ತೋಟದ ಡ್ರೈವರ್ ನನ್ನ ಜೊತೆ ನಿಂತ.

ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು. ಹಿಂಭಾಗ ಎತ್ತಿ, ಚಾಸಿಯ ಅಡಿಗೆ ಎರಡೂ ಕಡೆ ಹಲಸಿನ ದಿಮ್ಮಿ ಅಡ್ಡಡ್ಡ ಜೋಡಿಸಿ ಕೂರಿಸಿದೆವು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕಬಾರದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಅವಸರದ ದಿನವೇ ಜಾಕು ಜಾರುವುದು. ಆಕ್ಸಲ್ಲಿನ ಕವಚ, ಅಂದರೆ ಆಕ್ಸಲ್ ಹೌಸಿಂಗ್‌ನ ಅಡಿಗೆ ಬೇರೆ ಜಾಕು ಕೊಟ್ಟೆವು, ಯಾಕೆಂದರೆ ಬ್ಲೇಡ್ ಬಿಚ್ಚಿದ ಮೇಲೆ ಹೌಸಿಂಗ್‌ನ ಭಾರವೆಲ್ಲ ಬ್ರೇಕಿನ ರಬ್ಬರ್ ಪೈಪಿಗೆ ಜೋತುಬೀಳುತ್ತದೆ. ಪೈಪು ಒಳಗೇ ಹರಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ.

ಯು ಬೋಲ್ಟಿನ ನಟ್ಟುಗಳು ತುಕ್ಕು ಹಿಡಿದು ಒಂದೇ ಗಡ್ಡೆಯಾಗಿದ್ದವು. ಡೀಸೆಲ್‌ನಲ್ಲಿ ಎರಡು ದಿನ ನೆನೆಸಿ ಇಟ್ಟರೂ ಎಂಟರಲ್ಲಿ ಐದು ಬಿಟ್ಟವು, ಮೂರನ್ನು ಕೊಯ್ಯಬೇಕಾಯಿತು. ಅದರ ಬಗ್ಗೆ ಬೇಸರವಿಲ್ಲ. ಒಮ್ಮೆ ಬಿಗಿದು ಎಳೆದ ಯು ಬೋಲ್ಟಿನ ಮರೆ (ಥ್ರೆಡ್) ಹಿಗ್ಗಿರುತ್ತದೆ, ಅದನ್ನು ಮತ್ತೆ ಹಾಕಿದರೆ ಬಿಗಿ ನಿಲ್ಲುವುದಿಲ್ಲ. ಬ್ಲೇಡ್ ಬಿಚ್ಚಿದ ಮೇಲೆ ಯು ಬೋಲ್ಟು ಹೊಸದೇ.

ಬ್ಲೇಡ್‌ಗಳ ನಡುವಿನ ತೂತಿನಲ್ಲಿ ಹಾಯುವ ಸೆಂಟರ್ ಬೋಲ್ಟ್ ಬಿಚ್ಚುವ ಮುಂಚೆ ಸೆಟ್ಟಿನ ಎರಡೂ ಪಕ್ಕ ಗಟ್ಟಿ ಸಿ ಕ್ಲಾಂಪ್ ಹಾಕಬೇಕು. ಏಳು ಬ್ಲೇಡ್‌ಗಳನ್ನು ಒತ್ತಿ ಹಿಡಿದಿರುವುದು ಆ ಒಂದು ಬೋಲ್ಟು. ಕ್ಲಾಂಪ್ ಇಲ್ಲದೆ ಅದನ್ನು ಕೊಯ್ದರೆ ಬ್ಲೇಡು ಎದ್ದು ಮುಖಕ್ಕೇ ಹೊಡೆಯುತ್ತದೆ. ಕ್ಲಾಂಪನ್ನು ಸರದಿಯ ಮೇಲೆ ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ ಬಂದೆವು. ಬಲಗಡೆ ಸೆಟ್ಟು ಬಿಚ್ಚಿಕೊಂಡಾಗ ಮೂರನೇ ಬ್ಲೇಡು ಎರಡು ತುಂಡಾಗಿ ಕೈಗೆ ಬಂತು.

ಆ ತುಂಡನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಮುರಿದಿದ್ದು ಸರಿಯಾಗಿ ಸೆಂಟರ್ ಬೋಲ್ಟಿನ ತೂತಿನ ಮೇಲೆ, ಯು ಬೋಲ್ಟಿನ ತಟ್ಟೆಯ ಅಡಿಗೆ. ಹೊರಗಿನಿಂದ ಯಾರಿಗೂ ಕಾಣದ ಜಾಗ. ಒಡೆದ ಮುಖದಲ್ಲಿ ಎರಡು ಬಣ್ಣ ಇತ್ತು. ತೂತಿನ ಅಂಚಿನಿಂದ ಶುರುವಾಗಿ ಮುಕ್ಕಾಲು ಭಾಗ ಕಾಫಿ ಬೀಜ ಹುರಿದ ಬಣ್ಣ, ಅಂದರೆ ಹಳೇ ಬಿರುಕು, ನೀರು ಒಳಗಿಳಿದು ತುಕ್ಕು ಹಿಡಿದದ್ದು. ಉಳಿದ ಕಾಲು ಭಾಗಕ್ಕೆ ಅಷ್ಟು ತುಕ್ಕಿರಲಿಲ್ಲ, ಬೂದು ಬಣ್ಣದಲ್ಲಿ ಉಪ್ಪಿನ ಹರಳಿನ ಹಾಗೆ ತರಿತರಿಯಾಗಿತ್ತು. ಬಿರುಕು ನಿಧಾನವಾಗಿ ಬೆಳೆದು, ಉಳಿದಷ್ಟು ಲೋಹಕ್ಕೆ ಭಾರ ತಡೆಯದೆ ಕೊನೆಗೊಂದು ದಿನ ಪೂರ್ತಿ ಕಡಿದಿತ್ತು.

ಆಗ ಮಾರ್ಚಿನ ಪುಸ್ತಕ ತೆಗೆದು ನೋಡಿದೆ. ಒಂದೇ ಭಾರಕ್ಕೆ ಎಡಗಡೆ 1 ಇಂಚು, ಬಲಗಡೆ 1½ ಇಂಚು. ಅರ್ಥ ಎದುರಿಗೇ ಇತ್ತು. ಬ್ಲೇಡ್ 'ವೀಕಾಗಿದೆ' ಅನ್ನುತ್ತೇವಲ್ಲ, ಅದರಲ್ಲಿ ಎರಡು ಬೇರೆ ಬೇರೆ ರೋಗ ಇವೆ. ಒಂದು, ಕಮಾನು ಇಳಿಯುವುದು. ವರ್ಷಗಟ್ಟಲೆ ಭಾರ ಹೊತ್ತು ಬಾಗು ಕಮ್ಮಿಯಾಗಿ ಬ್ಲೇಡು ನೇರವಾಗುತ್ತದೆ. ಗಾಡಿ ಕೂರುತ್ತದೆ, ಆದರೆ ಬ್ಲೇಡಿನ ಬಿಗಿ, ಅಂದರೆ ಭಾರಕ್ಕೆ ಬಾಗದೆ ತಡೆಯುವ ಗುಣ, ಕಮ್ಮಿಯಾಗಿರುವುದಿಲ್ಲ. ಉಕ್ಕಿನ ಬಿಗಿ ವಯಸ್ಸಾದ ಮಾತ್ರಕ್ಕೆ ಹೋಗುವುದಿಲ್ಲ. ಅದು ಬ್ಲೇಡಿನ ದಪ್ಪ, ಅಗಲ, ಉದ್ದ, ಎಷ್ಟು ಬ್ಲೇಡು ಇದೆ ಅನ್ನುವುದರ ಮೇಲೆ ನಿಂತಿದೆ. ಎರಡನೆಯದು, ಬ್ಲೇಡು ಕಡಿದಿರುವುದು. ಆಗ ಬಿಗಿಯೇ ಕಮ್ಮಿಯಾಗಿ, ಅದೇ ಭಾರಕ್ಕೆ ಆ ಪಕ್ಕ ಹೆಚ್ಚು ಇಳಿಯುತ್ತದೆ. ನನ್ನ ಜೀಪಿನ ಎಡಗಡೆಗೆ ಮೊದಲನೆಯದು ಮಾತ್ರ ಇತ್ತು. ಬಲಗಡೆಗೆ ಎರಡೂ ಇತ್ತು. ಆ ಮಾರ್ಚಿನಲ್ಲೇ ಬಲಗಡೆ ಸೆಟ್ ಬಿಚ್ಚಬೇಕಿತ್ತು ಅಂತ ನಾಲ್ಕು ಮೂಟೆ ಗೊಬ್ಬರ ಹೇಳಿತ್ತು. ಕೇಳಿಸಿಕೊಳ್ಳಲು ನನಗೆ ಬರಲಿಲ್ಲ.

ಮೇನ್ ಬ್ಲೇಡ್ ಕಡಿದದ್ದಕ್ಕೆ ಕಾರಣ ಬೇರೆ. ಹೊಸದಾಗಿ ತೂರಿಸಿದ್ದ ದಪ್ಪ ಬ್ಲೇಡಿನ ತುದಿ ನಡುವಿನ ಬ್ಲೇಡ್‌ಗಳನ್ನು ದಾಟಿ ನೇರ ಮೇನ್ ಬ್ಲೇಡಿಗೇ ತಾಗುತ್ತಿತ್ತು. ತಾಗಿದ ಜಾಗದಲ್ಲಿ ಉಜ್ಜಿ ಉಜ್ಜಿ ಕನ್ನಡಿಯಂಥ ಗೆರೆ ಬಿದ್ದಿತ್ತು. ಮುರಿದಿದ್ದು ಆ ಗೆರೆಯ ಮೇಲೇ. ನಮ್ಮ ಬ್ಲೇಡು 6 ಮಿ.ಮೀ. ದಪ್ಪ, ಅವರು ಹಾಕಿದ್ದು 10 ಮಿ.ಮೀ. ದಪ್ಪ ಸ್ವಲ್ಪ ಜಾಸ್ತಿಯಾದರೆ ಬಿಗಿಯೂ ಸ್ವಲ್ಪವೇ ಜಾಸ್ತಿಯಾಗುತ್ತದೆ ಅಂತ ನಾವು ತಿಳಿದಿರುತ್ತೇವೆ. ಹಾಗಿಲ್ಲ. ದಪ್ಪ × ದಪ್ಪ × ದಪ್ಪ ಅನ್ನುವ ಲೆಕ್ಕದಲ್ಲಿ ಬಿಗಿ ಏರುತ್ತದೆ. ಅಗಲ, ಉದ್ದ ಒಂದೇ ಇದ್ದರೆ 10 ಮಿ.ಮೀ. ಬ್ಲೇಡೊಂದು 6 ಮಿ.ಮೀ. ಬ್ಲೇಡಿಗಿಂತ ಸುಮಾರು ನಾಲ್ಕೂವರೆ ಪಟ್ಟು ಬಿಗಿ. ಏಳು ಬ್ಲೇಡಿನ ಸೆಟ್ಟಿಗೆ ಒಂದು ಸೇರಿಸಿದ ಹಾಗಿತ್ತು, ಆದರೆ ಸೇರಿದ್ದು ನಾಲ್ಕೂವರೆ. ಅದು ಬಾಗುವುದಿಲ್ಲ, ಬಾಗಬೇಕಾದ್ದನ್ನೆಲ್ಲ ಅದರ ತುದಿಯಾಚೆ ಮೇನ್ ಬ್ಲೇಡು ಒಂದೇ ಬಾಗಬೇಕು. ಎಷ್ಟು ದಿನ ತಡೆದೀತು?

ಎಡಗಡೆ ಸೆಟ್ಟನ್ನೂ ಬಿಚ್ಚಿದೆವು. ಒಂದು ಪಕ್ಕ ಮಾತ್ರ ಹೊಸದು ಮಾಡಿದರೆ ಗಾಡಿ ಸೊಟ್ಟ ನಿಲ್ಲುತ್ತದೆ, ಇದರಲ್ಲಿ ಉಳಿತಾಯ ನೋಡಬಾರದು. ಬ್ಲೇಡ್‌ಗಳನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ಗೋಡೌನಿನ ಸಿಮೆಂಟ್ ನೆಲದ ಮೇಲೆ ಒಂದೊಂದನ್ನೂ ಮಗ್ಗುಲಾಗಿ ಮಲಗಿಸಿ ಚಾಕ್‌ಪೀಸಿನಲ್ಲಿ ಗೆರೆ ಎಳೆದೆ. ಎಡದ ಮೇನ್ ಬ್ಲೇಡಿನ ಎರಡು ಕಣ್ಣಿಗೆ (ತುದಿಯಲ್ಲಿ ಬೋಲ್ಟ್ ಕೂರುವ ಸುರುಳಿಗೆ) ದಾರ ಬಿಗಿದು ನಡುವಿನ ಬಾಗು ಅಳೆದರೆ 3 ಇಂಚು. ಎಷ್ಟಿರಬೇಕು ಅಂತ ತಿಳಿಯುವುದು ಹೇಗೆ? ಪಕ್ಕದೂರಿನ ಸ್ನೇಹಿತರ ಹತ್ತಿರ ಇದೇ ಮಾಡೆಲ್ ಜೀಪು ಇದೆ, ಟ್ರೇಲರ್ ಎಳೆಯದೆ ಬರೀ ಓಡಾಡಲು ಇಟ್ಟುಕೊಂಡದ್ದು. ಅದರ ಹಬ್‌ನಿಂದ ಬಾಡಿ ಅಂಚಿಗೆ ಎರಡೂ ಕಡೆ 17 ಇಂಚು ಇತ್ತು. ನನ್ನ ಗುರಿ ಅದೇ ಆಯಿತು. ಹೀಗೆ ಇನ್ನೊಂದು ಗಾಡಿ ಅಳೆಯಲು ಸಿಕ್ಕಿದರೆ ಯಾರ ಬಾಯಿಮಾತೂ ಬೇಡ.

ಮೊದಲು ನಮ್ಮೂರಿನ ಆಚಾರ್ರ ಕುಲುಮೆಗೆ ಹೋದೆ. ನಮ್ಮ ಕಡೆ ಕತ್ತಿ, ಮಚ್ಚು, ಗುದ್ದಲಿ ಎಲ್ಲ ಅವರ ಕೈಯಲ್ಲೇ ಆಗುವುದು. ಒಳ್ಳೆಯ ಕತ್ತಿಗೆ ಅವರು ಕೇಳುವುದೇ ಜೀಪು, ಲಾರಿಯ ಹಳೇ ಬ್ಲೇಡು. ಆ ಉಕ್ಕಿನ ಗುಣ ಅವರಷ್ಟು ಬಲ್ಲವರು ಇಲ್ಲ. ಎಡದ ಬ್ಲೇಡ್‌ಗಳನ್ನು ತೋರಿಸಿ ಕಮಾನು ಏರಿಸಿ ಕೊಡುತ್ತೀರಾ ಅಂದೆ. ಒಂದನ್ನು ಎತ್ತಿ ಅಡಿಗಲ್ಲಿಗೆ ತಟ್ಟಿ ಸದ್ದು ಕೇಳಿದರು.

"ಕೆಂಪಗೆ ಕಾಯ್ಸಿ ಬಗ್ಸಿಕೊಡೋದು ಕಷ್ಟ ಅಲ್ಲ ಗೌಡ್ರೆ. ಆದ್ರೆ ಕಾಯ್ಸಿದ್ರೆ ಹದ ಹೋಯ್ತದೆ. ಕತ್ತಿಗಾದ್ರೆ ಬಾಯಿ ಹತ್ರ ಹದ ಕೊಟ್ರೆ ಸಾಕು. ಇದಕ್ಕೆ ಈ ತುದಿಯಿಂದ ಆ ತುದಿಗೂ ಒಂದೇ ಹದ ಬೇಕು. ನನ್ನ ಕುಲುಮೇಲಿ ಬೆಂಕಿ ಇರೋದೇ ಒಂದು ಗೇಣು."

"ತಣ್ಣಗೇ ಬಡಿದ್ರೆ?"

"ಬಡೀಬೋದು. ಏಳ್ತದೆ. ಒಂದು ಕೊಯ್ಲು ಮುಗಿಯೋದ್ರೊಳಗೆ ಮತ್ತೆ ಕೂರ್ತದೆ. ದುಡ್ಡು ಯಾಕೆ ಹಾಳು ಮಾಡ್ತೀರಿ, ಹೊಸದು ತನ್ನಿ."

ಕೆಲಸ ಬಿಟ್ಟುಕೊಟ್ಟು ನಿಜ ಹೇಳಿದ ಆ ಮಾತಿಗೆ ನಾನು ಇವತ್ತಿಗೂ ಋಣಿ. ಬ್ಲೇಡಿನ ಉಕ್ಕು ಸಿಲಿಕಾನ್, ಮ್ಯಾಂಗನೀಸ್ ಬೆರೆಸಿದ್ದು. ಅದನ್ನು ಸುಮಾರು 850ರಿಂದ 900 ಡಿಗ್ರಿಗೆ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಆಮೇಲೆ ಮತ್ತೆ 450ರಿಂದ 500 ಡಿಗ್ರಿಯಷ್ಟಕ್ಕೆ ಕಾಯಿಸಿ ಹದ ಮಾಡುತ್ತಾರೆ. ಬರೀ ಕಾಯಿಸಿ ಬಾಗಿಸಿ ಗಾಳಿಗೆ ಬಿಟ್ಟರೆ ಅದು ಮೆತ್ತಗಿನ ಕಬ್ಬಿಣ. ಎಣ್ಣೆಗೆ ಅದ್ದಿ ಎರಡನೇ ಸಲ ಕಾಯಿಸದಿದ್ದರೆ ಗಾಜಿನ ಹಾಗೆ ಸಿಡಿಯುತ್ತದೆ. ಇದಕ್ಕೆ ಉದ್ದದ ಒಲೆ ಬೇಕು.

ಹಾಸನದಲ್ಲಿ ಲಾರಿ ಬ್ಲೇಡಿನ ಕೆಲಸ ಮಾಡುವವರ ಹತ್ತಿರ ಹೋದೆ. ಎರಡೂ ಪಕ್ಕಕ್ಕೆ ಮೇಲಿನ ಮೂರು ಬ್ಲೇಡು ಹೊಸದು ತಗೊಂಡೆ. ಕೆಳಗಿನ ನಾಲ್ಕು ಗಿಡ್ಡ ಬ್ಲೇಡ್‌ಗಳನ್ನು ಅಲ್ಲಿದ್ದ ಹೊಸ ಸೆಟ್ಟಿನ ಜೊತೆ ಜೋಡಿಸಿ ನೋಡಿದರೆ ಬಾಗಿನಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಮ್ಮಿ. ಬಿರುಕಿದೆಯೇ ಅಂತ ಸೀಮೆಎಣ್ಣೆ ಹಚ್ಚಿ, ಒರೆಸಿ, ಮೇಲೆ ಚಾಕ್‌ಪೀಸಿನ ಪುಡಿ ಉಜ್ಜಿ ನೋಡಿದೆವು. ಬಿರುಕಿದ್ದರೆ ಒಳಗಿಳಿದ ಸೀಮೆಎಣ್ಣೆ ಹೊರಬಂದು ಪುಡಿಯಲ್ಲಿ ಕಪ್ಪು ಗೆರೆ ಮೂಡುತ್ತದೆ. ಮೂಡಲಿಲ್ಲ, ಉಳಿಸಿಕೊಂಡೆವು. ಜೊತೆಗೆ ಒಂದೊಂದು ಹೆಚ್ಚಿನ ಬ್ಲೇಡು ಹಾಕಿಸಿದೆ, ನಮ್ಮದೇ 6 ಮಿ.ಮೀ. ದಪ್ಪದ್ದು, ಮೂರನೆಯದಕ್ಕಿಂತ ಗಿಡ್ಡ, ನಾಲ್ಕನೆಯದಕ್ಕಿಂತ ಉದ್ದ. ಏಳು ಇದ್ದದ್ದು ಎಂಟಾದರೆ ಬಿಗಿ ಏಳರಲ್ಲೊಂದು ಪಾಲು ಹೆಚ್ಚುತ್ತದೆ, ಅಷ್ಟೇ. ಟ್ರೇಲರ್ ಎಳೆಯುವ ಜೀಪಿಗೆ ಅಷ್ಟು ಸಾಕು, ಖಾಲಿ ಓಡಾಡುವಾಗ ಸೊಂಟವೂ ಉಳಿಯುತ್ತದೆ.

ಜೋಡಿಸುವಾಗ ಗಮನಿಸಬೇಕಾದ್ದು ಒಂದಿದೆ. ಒಂದರ ಕೆಳಗೊಂದು ಬ್ಲೇಡ್ ಇಟ್ಟಾಗ ನಡುವೆ ಸಣ್ಣ ಸಂದು ಇರಬೇಕು, ಅತ್ತಲಿಂದ ಬೆಳಕು ಕಾಣಬೇಕು. ಕೆಳಗಿನದು ಮೇಲಿನದಕ್ಕಿಂತ ತುಸು ಹೆಚ್ಚು ಬಾಗಿರುತ್ತದೆ. ಸೆಂಟರ್ ಬೋಲ್ಟ್ ಬಿಗಿದಾಗ ಸಂದು ಮುಚ್ಚಿ, ಕೆಳಗಿನ ಬ್ಲೇಡಿನ ತುದಿ ಮೇಲಿನದನ್ನು ಒತ್ತಿ ಹಿಡಿಯುತ್ತದೆ. ಹಾಗೆ ಎಲ್ಲವೂ ಭಾರ ಹಂಚಿಕೊಳ್ಳುತ್ತವೆ. ಬ್ಲೇಡುಗಳ ನಡುವೆ ಗ್ರಾಫೈಟ್ ಗ್ರೀಸನ್ನು ತೆಳ್ಳಗೆ ಸವರಿದೆ. ಮಳೆಗಾಲಕ್ಕೆ ಮುಂಚೆ ಅಡಿಗೆಲ್ಲ ಹಳೇ ಇಂಜಿನ್ ಆಯಿಲ್ ಹೊಡೆಸುವ ರೂಢಿ ನಮ್ಮ ಕಡೆ ಇದೆ, ತುಕ್ಕಿಗೆ ಒಳ್ಳೆಯದೇ, ಆದರೆ ಆ ಆಯಿಲ್ ಬ್ಲೇಡಿನ ಕಣ್ಣಿನೊಳಗೆ ಕೂರುವ ರಬ್ಬರ್ ಬುಷ್‌ಗಳನ್ನು ಊದಿಸಿ ಹಾಳು ಮಾಡುತ್ತದೆ. ನನ್ನ ಜೀಪಿಗೆ ಹಿಂದಿನ ಮಾಲೀಕರು ರಬ್ಬರ್ ಬುಷ್ ಹಾಕಿಸಿದ್ದರು. ತೆಗೆದಾಗ ಅವು ಹಲಸಿನ ಮೇಣದ ಹಾಗೆ ಬೆರಳಿಗೆ ಅಂಟಿದವು.

ಬುಷ್ಷು, ಬ್ಲೇಡಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿಯ ಬೋಲ್ಟು (ಶ್ಯಾಕಲ್ ಬೋಲ್ಟು), ಸೆಂಟರ್ ಬೋಲ್ಟು, ಯು ಬೋಲ್ಟು ಎಲ್ಲ ಹೊಸದು. ಸೆಂಟರ್ ಬೋಲ್ಟಿನ ತಲೆ ಹೌಸಿಂಗ್‌ನ ಸೀಟಿನಲ್ಲಿರುವ ಗುಳಿಯಲ್ಲಿ ಸರಿಯಾಗಿ ಕೂತಿದೆಯೇ ಅಂತ ಬೆರಳು ಹಾಕಿ ನೋಡಿದ ಮೇಲೇ ಯು ಬೋಲ್ಟ್ ಬಿಗಿಯಬೇಕು. ಕೂರದಿದ್ದರೆ ಹೌಸಿಂಗ್ ಹಿಂದೆ ಮುಂದೆ ಸರಿದು ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ. ನಾಲ್ಕು ನಟ್ಟನ್ನು ಎದುರುಬದುರಾಗಿ, ಮೂರು ಸುತ್ತಿನಲ್ಲಿ ಬಿಗಿದೆವು. ಶ್ಯಾಕಲ್ ಬೋಲ್ಟನ್ನು ಮಾತ್ರ ಗಾಡಿ ಎತ್ತಿದ್ದಾಗ ಪೂರ್ತಿ ಬಿಗಿಯಬಾರದು. ದಿಮ್ಮಿ ತೆಗೆದು, ಚಕ್ರದ ಮೇಲೆ ನಿಲ್ಲಿಸಿ, ನಾಲ್ಕು ಸಲ ಒತ್ತಿ ಕುಲುಕಿ, ಆಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. 100 ಕಿ.ಮೀ. ಓಡಿಸಿ ಮತ್ತೆ ಪಾನಾ ಹಾಕಿದಾಗ ಯು ಬೋಲ್ಟಿನ ನಟ್ಟುಗಳು ಅರ್ಧ ಸುತ್ತು ತಗೊಂಡವು. ಬ್ಲೇಡುಗಳು ಒಂದರ ಮೇಲೊಂದು ಕೂತಾಗ ಹಾಗಾಗುವುದು ಸಹಜ. ಈ ಎರಡನೇ ಬಿಗಿತ ಬಿಟ್ಟವರ ಸೆಂಟರ್ ಬೋಲ್ಟ್ ಕಡಿಯುತ್ತದೆ.

ಶಾಕ್ ಅಬ್ಸಾರ್ಬರ್ ಬದಲಾಯಿಸಿದರೆ ಗಾಡಿ ಏಳುತ್ತದೆ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಏಳುವುದಿಲ್ಲ. ಅದು ಕುಲುಕಾಟ ತಡೆಯುವುದೇ ಹೊರತು ಭಾರ ಹೊರುವುದಿಲ್ಲ. ಉದ್ದದ ಶ್ಯಾಕಲ್ ಹಾಕಿ ಎತ್ತರಿಸುವವರೂ ಇದ್ದಾರೆ. ಎತ್ತರ ಬರುತ್ತದೆ, ಹೊರುವ ಶಕ್ತಿ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ನಾನು ಅದಕ್ಕೆ ಕೈ ಹಾಕಲಿಲ್ಲ.

ಜೀಪು ನಿಂತಾಗ ಎರಡೂ ಕಡೆ 17¼ ಇಂಚು ಬಂತು. ಹೊಸ ಬ್ಲೇಡು ಸ್ವಲ್ಪ ಕೂರುತ್ತದೆ, ಆ ಕಾಲು ಇಂಚು ಅದಕ್ಕಿರಲಿ ಎಂದುಕೊಂಡೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾಲ್ಕೈದು ವರ್ಷದಲ್ಲಿ ಮತ್ತೆ ಇದೇ ಕಥೆಯಾಗುತ್ತಿತ್ತು. ಯಾಕೆಂದರೆ ಬ್ಲೇಡನ್ನು ಇಷ್ಟು ಕೂರಿಸಿದ್ದು ಯಾವ ಭಾರ ಅನ್ನುವುದನ್ನು ನಾನಿನ್ನೂ ನೋಡಿರಲಿಲ್ಲ.

ಹಣ್ಣು ಕೊಯ್ದವರಿಗೆ ಸಂಜೆ ತೂಕ ಮಾಡಿಕೊಡುವ ಪ್ಲಾಟ್‌ಫಾರಂ ತಕ್ಕಡಿ ಗೋಡೌನಿನಲ್ಲೇ ಇತ್ತು. ಡ್ರೈವರ್ ಅದನ್ನು ತೋರಿಸಿ, "ಅಣ್ಣಾ, ಮೂಕಿನ ಭಾರ ಎಷ್ಟು ಬರ್ತದೆ ನೋಡಾಣ" ಅಂದ. ಎತ್ತಿನ ಗಾಡಿ ಹೂಡಿ ಗೊತ್ತಿದ್ದ ಮನೆಯವನು. ಮೂಕಿಯ (ನೊಗ ಕಟ್ಟುವ ಮುಂದಿನ ಮರದ) ಮೇಲೆ ಭಾರ ಹೆಚ್ಚಾದರೆ ಎತ್ತಿನ ಹೆಗಲು ಬಾಯುತ್ತದೆ, ಕಮ್ಮಿಯಾದರೆ ಗಾಡಿ ಹಿಂದಕ್ಕೆ ಎತ್ತಿ ನೊಗ ಕುತ್ತಿಗೆಗೆ ಬರುತ್ತದೆ ಅನ್ನುವುದು ಅವನಿಗೆ ಚಿಕ್ಕಂದಿನ ಪಾಠ. ನನಗೆ ಯಾಕೆ ಹೊಳೆದಿರಲಿಲ್ಲವೋ.

ಎಂದಿನ ಹಾಗೆ 14 ಮೂಟೆ ತುಂಬಿದೆವು. ಸೌದೆ ಕೊರಡೊಂದನ್ನು ಜೀಪಿನ ಹುಕ್ಕಿನ ಎತ್ತರಕ್ಕೆ ಕೊಯ್ದು ತಕ್ಕಡಿಯ ಮೇಲೆ ನಿಲ್ಲಿಸಿ, ಟ್ರೇಲರ್‌ನ ಮೂತಿಯನ್ನು ಅದರ ಮೇಲೆ ಇಳಿಸಿದೆವು. ಟ್ರೇಲರ್ ಸಮ ನಿಲ್ಲಬೇಕು, ಓರೆಯಾದರೆ ತೂಕ ಬದಲಾಗುತ್ತದೆ. ಕೊರಡಿನ ತೂಕ ಕಳೆದು ಬಂದದ್ದು 145 ಕೆಜಿ.

ಟ್ರೇಲರ್ ತಾನೇ ಸುಮಾರು 300 ಕೆಜಿ, ಮೂಟೆ 700, ಒಟ್ಟು ಒಂದು ಟನ್. ಮೂತಿಯ ಮೇಲೆ ಅದರ ಹತ್ತರಲ್ಲೊಂದು ಪಾಲು, ಅಂದರೆ ಸುಮಾರು 100 ಕೆಜಿ ಇದ್ದರೆ ಸರಿ. ನಾವು ಮುಂದಿನಿಂದ ಮೂಟೆ ಪೇರಿಸುತ್ತಾ ಬಂದು ಹಿಂದೆ ಜಾಗ ಖಾಲಿ ಬಿಡುತ್ತಿದ್ದೆವು. ಆ 145 ಕೆಜಿ ಕೂರುವುದು ಆಕ್ಸಲ್‌ನ ಮೇಲಲ್ಲ, ಅದರಿಂದ ಸುಮಾರು 3 ಅಡಿ ಹಿಂದೆ, ಹುಕ್ಕಿನ ಮೇಲೆ. ಹಾರೆಯ ತುದಿ ಒತ್ತಿದ ಹಾಗೆ. ಜೀಪಿನ ಎರಡು ಆಕ್ಸಲ್ ನಡುವೆ ಸುಮಾರು 7½ ಅಡಿ. ಲೆಕ್ಕ ಹಾಕಿದರೆ ಮುಂದಿನ ಚಕ್ರಗಳಿಂದ 58 ಕೆಜಿ ಎದ್ದುಹೋಗುತ್ತದೆ, ಹಿಂದಿನ ಬ್ಲೇಡುಗಳ ಮೇಲೆ 203 ಕೆಜಿ ಬೀಳುತ್ತದೆ. ಏರಿನಲ್ಲಿ ಸ್ಟೇರಿಂಗ್ ಹಗುರಾಗುತ್ತಿದ್ದುದು ಈ 58 ಕೆಜಿಯಿಂದ. ಇದಕ್ಕೆ ಹೊಸ ಬ್ಲೇಡಿನಲ್ಲಿ ಮದ್ದಿಲ್ಲ.

ನಾಲ್ಕು ಮೂಟೆ ಎತ್ತಿ ಎರಡು ಅಡಿ ಹಿಂದಕ್ಕೆ ಇಟ್ಟೆವು. ತಕ್ಕಡಿ 88 ಕೆಜಿ ತೋರಿಸಿತು. ಹಿಂದಿನ ಬ್ಲೇಡಿನ ಮೇಲಿನ ಭಾರ 203ರಿಂದ ಸುಮಾರು 123 ಕೆಜಿಗೆ ಇಳಿಯಿತು. ಒಂದು ರೂಪಾಯಿ ಖರ್ಚಿಲ್ಲದೆ 80 ಕೆಜಿ.

ಇನ್ನೂ ಹಿಂದಕ್ಕೆ ಸರಿಸಿದರೆ ಇನ್ನೂ ಹಗುರಲ್ಲವೇ ಅನಿಸಿ 40 ಕೆಜಿಗೆ ತಂದು ನೋಡಿದೆ. ಇದನ್ನು ಯಾರೂ ಮಾಡಬೇಡಿ. ನಮ್ಮ ತೋಟದ ಇಳಿಜಾರಿನಲ್ಲಿ, ಗಂಟೆಗೆ 25 ಕಿ.ಮೀ.ಗೂ ಕಮ್ಮಿ ವೇಗದಲ್ಲೇ ಟ್ರೇಲರ್ ಎಡಬಲಕ್ಕೆ ಬಾಲ ಬೀಸತೊಡಗಿತು, ಜೀಪಿನ ಹಿಂಭಾಗವನ್ನೂ ಎಳೆದಾಡಿತು. ಘಾಟಿ ರಸ್ತೆಯಲ್ಲಾಗಿದ್ದರೆ ಬರೆಯಲು ನಾನಿರುತ್ತಿರಲಿಲ್ಲ. ಅಲ್ಲೇ ನಿಲ್ಲಿಸಿ ಎರಡು ಮೂಟೆ ಮುಂದಕ್ಕೆ ಹೊತ್ತು ಹಾಕಿದೆವು. ಈಗ ಟ್ರೇಲರ್‌ನ ಪಕ್ಕದ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಇದೆ. ಮೂಟೆ ಅಲ್ಲಿಂದ ಶುರು. ಕೆಲಸದವರು ಬದಲಾದರೂ ಗೆರೆ ಬದಲಾಗುವುದಿಲ್ಲ.

ಲೋಡ್ ಟ್ರೇಲರ್ ಸಿಕ್ಕಿಸಿದರೆ ಹಿಂಭಾಗ ಈಗ ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ, ಅಷ್ಟೇ. ಎತ್ತರ ಸರಿಹೋದ ಮೇಲೆ ಹೆಡ್‌ಲೈಟನ್ನು ಗೋಡೆಗೆ ಹಾಕಿ ಮತ್ತೆ ಕೂರಿಸಬೇಕಾಯಿತು, ಯಾಕೆಂದರೆ ಮಧ್ಯದಲ್ಲಿ ಯಾರೋ ಜೀಪು ಕೂತಿದ್ದಾಗಲೇ ಅದನ್ನು ಕೆಳಕ್ಕೆ ತಿರುಗಿಸಿದ್ದರು. ತಾಯಿ ಹಿಂದಿನ ಸೀಟಿನಲ್ಲಿ ಕೊಟ್ಟಿಗೆಹಾರದವರೆಗೆ ಬಂದು, ಇಳಿದು, ಏನೂ ಹೇಳದೆ ಅಂಗಡಿಗೆ ನಡೆದರು. ಅದೇ ನನಗೆ ಸಿಕ್ಕ ಸರ್ಟಿಫಿಕೇಟು.

ಮುರಿದ ಮೂರನೇ ಬ್ಲೇಡನ್ನು ಆಚಾರ್ರಿಗೆ ಕೊಟ್ಟೆ. ಒಡೆದ ತುದಿಯಿಂದ ನಾಲ್ಕು ಬೆರಳು ಕೊಯ್ದು ಎಸೆದು, ಉಳಿದದ್ದರಲ್ಲಿ ಎರಡು ಕತ್ತಿ ಮಾಡಿದರು. ಒಂದು ನಮ್ಮ ಮನೆಯಲ್ಲಿದೆ, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡುವಾಗ ಕೈ ಅದಕ್ಕೇ ಹೋಗುತ್ತದೆ.

ಪ್ರತಿ ವರ್ಷ ಕೊಯ್ಲು ಶುರುವಾಗುವ ಮುಂಚೆ, ಖಾಲಿ ಜೀಪನ್ನು ಗೋಡೌನಿನೊಳಗೆ ನಿಲ್ಲಿಸಿ ನಾಲ್ಕೂ ಚಕ್ರದ ಅಳತೆಯನ್ನು ಗೋಡೆಯ ಮೇಲೆ ಬರೆಯುತ್ತೇನೆ. ಎರಡು ಕೊಯ್ಲು ಕಳೆದ ಮೇಲೆ ಹಿಂದೆ ಎರಡೂ ಕಡೆ 17 ಇಂಚಿಗೆ ಬಂದು ನಿಂತಿತು, ಆಮೇಲೆ ಇಳಿದಿಲ್ಲ. ಹೋದ ಸಲ ಅಳೆಯುವಾಗ ಟ್ರೇಲರ್‌ನ ಎಡಗಡೆ ಬ್ಲೇಡು ಬಲಕ್ಕಿಂತ ಮುಕ್ಕಾಲು ಇಂಚು ಕೂತದ್ದು ಕಂಡಿತು. ನಟ್ಟುಗಳಿಗೆ ಡೀಸೆಲ್ ಹಾಕಿ ನೆನೆಯಲು ಬಿಟ್ಟಿದ್ದೇನೆ.